ಒಂಚೂರ್ ಅಂದ್ರೆ ಎಷ್ಟ್ ಕೆಜಿ?

ಕ್ಯಾಪ್ಟನ್ ಗಿರಿಜಕ್ಕ ಮನುಷ್ಯರನ್ನು ಕಾಲಿನಿಂದ ಮೇಲಕ್ಕೆ ನೋಡುತ್ತಿದ್ದರು. ಕಾರಿನಿಂದ ಯಾರಾದರೂ ಇಳಿದರೆ ಅವರ ಕಣ್ಣು ಮೊದಲು ಜಲ್ಲಿಯ ಮೇಲೆ ಊರಿದ ಪಾದಕ್ಕೆ ಹೋಗುತ್ತಿತ್ತು. ಆಮೇಲೆ ಮೊಣಕಾಲು, ಸೊಂಟ, ಭುಜ. ಮುಖಕ್ಕೆ ಬರುವ ಹೊತ್ತಿಗೆ ಬಾಯಲ್ಲಿ ಒಂದು ಸಂಖ್ಯೆ ಸಿದ್ಧವಾಗಿರುತ್ತಿತ್ತು. "ಎಂಬತ್ಮೂರ್" ಎಂದು ನನಗೊಬ್ಬಳಿಗೇ ಕೇಳುವ ಹಾಗೆ ಹೇಳುತ್ತಿದ್ದರು. ಆ ಮನುಷ್ಯನನ್ನು ತೂಕದ ಮೆಷಿನ್ನಿನ ಮೇಲೆ ನಿಲ್ಲಿಸಿದರೆ ಎಂಬತ್ತಮೂರೋ ಎಂಬತ್ತನಾಲ್ಕೋ ಬರುತ್ತಿತ್ತು. ಒಮ್ಮೆ ಕೋಟೇಶ್ವರದ ಮದುವೆಯೊಂದರಲ್ಲಿ ನಾವಿಬ್ಬರೂ ಊಟಕ್ಕೆ ಕೂತಿದ್ದೆವು. ಬಡಿಸಲು ಬಂದ ಮದುಮಗನ ದೊಡ್ಡಪ್ಪನನ್ನು ನೋಡಿ, "ನೂರಾ ನಾಲ್ಕ್. ಮುಂದಿನ ಸೀಟ್" ಎಂದು ನನ್ನ ಕಿವಿಯಲ್ಲಿ ಹೇಳಿ, ನಾನು ಕುಡಿಯುತ್ತಿದ್ದ ಪಾಯಸ ನೆತ್ತಿಗೇರುವ ಹಾಗೆ ಮಾಡಿದ್ದರು.

ಇಷ್ಟು ಸರಿಯಾಗಿ ಅಂದಾಜು ಮಾಡಬಲ್ಲವರು ಆ ಅಂದಾಜನ್ನು ನಂಬಿ ಒಂದು ದಿನವೂ ಹಾರಲಿಲ್ಲ. ಸರಿಯಾಗಿಯೇ ಹೇಳುತ್ತೀರಲ್ಲ, ಮತ್ತೆ ಪ್ರತಿ ಸಲ ಯಾಕೆ ತೂಗಬೇಕು ಎಂದು ನಾನು ಕೇಳಿದ್ದಕ್ಕೆ, "ನನ್ನ ಕಣ್ಣಿಗೆ ಬೆಳಿಗ್ಗೆ ಒಂದ್ ಲೆಕ್ಕ, ಹಸಿವಾದ್ಮೇಲೆ ಮತ್ತೊಂದ್ ಲೆಕ್ಕ. ಅದನ್ ನಂಬ್ಕಂಡ್ ಹಾರುಕೆ ಆತ್ತಾ ಮಾರಾಯ್ತಿ?" ಎಂದರು.

ನಾನು ಆಗ ಬೈಂದೂರಿನ ಹತ್ತಿರದ ಹೆಲಿಪ್ಯಾಡಿನಲ್ಲಿ ಕೆಲಸಕ್ಕಿದ್ದೆ. ಅದಕ್ಕೆ ಮೊದಲು ಕೊಲ್ಲೂರಿನ ವಸತಿಗೃಹವೊಂದರ ಕೌಂಟರಿನಲ್ಲಿ ಕೂರುತ್ತಿದ್ದವಳು. ಮಲಯಾಳ, ತಮಿಳು, ಹಿಂದಿ ಬಾಯಿಗೆ ಬರುತ್ತಿದ್ದವು. ಸಣ್ಣ ಕಂಪೆನಿಯೊಂದು ಮಳೆಗಾಲ ಕಳೆದ ಮೇಲೆ ನಮ್ಮಲ್ಲಿಗೆ ಬಂದು ಬೀಡು ಬಿಡುತ್ತಿತ್ತು. ಮಂಗಳೂರು ವಿಮಾನ ನಿಲ್ದಾಣದಿಂದ ಯಾತ್ರಿಕರನ್ನು ಹೆಲಿಕಾಪ್ಟರಿನಲ್ಲಿ ಕರೆತರುವುದು, ದೇವರ ದರ್ಶನ ಮುಗಿಸಿದವರನ್ನು ವಾಪಸು ಕರೆದೊಯ್ಯುವುದು ಅದರ ವ್ಯವಹಾರ. ಒಂದೇ ಹೆಲಿಕಾಪ್ಟರ್. ಒಬ್ಬ ಮೆಕ್ಯಾನಿಕ್, ಮ್ಯಾನೇಜರ್ ಸತೀಶ್, ನಾನು, ಪೈಲಟ್ ಗಿರಿಜಕ್ಕ. ವಾಪಸು ಹೋಗುವವರನ್ನೂ ಅವರ ಚೀಲಗಳನ್ನೂ ತೂಗಿ ಲೆಕ್ಕ ಕೊಡುವುದು, ಗಿರಿಜಕ್ಕ ಹೇಳಿದ ಸೀಟಿನಲ್ಲಿ ಅವರನ್ನು ಕೂರಿಸುವುದು ನನ್ನ ಪಾಲಿನ ಕೆಲಸ. ನೌಕರರು ಹೆಲಿಕಾಪ್ಟರ್ ಹತ್ತಬಾರದೆಂದು ಕಂಪೆನಿಯ ನಿಯಮವಿತ್ತು. ಖಾಲಿ ಹೋಗುವಾಗ ಪಕ್ಕದಲ್ಲಿ ಕೂತು ಹೋಗುತ್ತಿದ್ದ ಮೆಕ್ಯಾನಿಕ್ ಒಬ್ಬನಿಗೆ ಅದರಿಂದ ವಿನಾಯಿತಿ.

ಮೊದಲ ದಿನ ಅವರನ್ನು ನೋಡಿದಾಗ ಪೈಲಟ್ ಎಂದು ನನಗೆ ಹೊಳೆಯಲೇ ಇಲ್ಲ. ಐವತ್ತು ದಾಟಿದ, ಗಿಡ್ಡಗೆ ದಪ್ಪಗಿನ ಹೆಂಗಸು. ಕತ್ತರಿಸಿದ ನರೆಗೂದಲು, ಬಿಳಿ ಶರ್ಟಿನ ಭುಜದ ಮೇಲೆ ಚಿನ್ನದ ಬಣ್ಣದ ಪಟ್ಟಿ, ಕಾಲಲ್ಲಿ ಮಾತ್ರ ನೀಲಿ ರಬ್ಬರ್ ಚಪ್ಪಲಿ. ಹಾರುವ ಹೊತ್ತಿಗೆ ಮಾತ್ರ ಬೂಟು. ನಾನು "ಗುಡ್ ಮಾರ್ನಿಂಗ್ ಮೇಡಂ" ಎಂದೆ. ಅವರು ನನ್ನ ಕಾಲಿನಿಂದ ಮುಖದವರೆಗೆ ನೋಡಿ, "ಐವತ್ತಾರ್. ಉಂಡದ್ದ್ ಎಲ್ಲಿಗ್ ಹೋತ್ ನಿಂದ್? ಯಾವೂರ್?" ಎಂದರು. ನಾವುಂದ, ಹೆಸರು ಜ್ಯೋತಿ ಎಂದೆ. "ಹಾಂಗಾರೆ ಈ ಮೇಡಂ ಗೀಡಂ ಎಲ್ಲ ಬ್ಯಾಡ" ಎಂದರು. ಅಂದಿನಿಂದ ಗಿರಿಜಕ್ಕ.

ಅವರ ಮೂಲ ಬಾರ್ಕೂರು. ಹುಟ್ಟಿ ಬೆಳೆದದ್ದು ಮುಂಬೈಯಲ್ಲಿ, ಅಪ್ಪನ ಹೋಟೆಲಿನ ಹಿಂದಿನ ಎರಡು ಕೋಣೆಗಳಲ್ಲಿ. ಮನೆಯೊಳಗೆ ತಾಯಿ ಬೇರೆ ಭಾಷೆ ಆಡಗೊಡುತ್ತಿರಲಿಲ್ಲವಂತೆ. ಹಾಗಾಗಿ ನಮ್ಮ ಕಡೆಯ ಎಳೆಯರ ಬಾಯಿಂದ ಜಾರಿಹೋದ ಎಷ್ಟೋ ಮಾತುಗಳು ಅವರ ಬಾಯಲ್ಲಿ ಗಟ್ಟಿಯಾಗಿ ಉಳಿದಿದ್ದವು. ನಡುನಡುವೆ "ಅರೆ ಬಾಬಾ", "ಏಕ್‌ದಮ್" ಎಂದು ಮುಂಬೈ ಇಣುಕುತ್ತಿತ್ತು. ಮದುವೆಯಾಗಿರಲಿಲ್ಲ. ಹಾರಾಟದ ಹಂಗಾಮಿನಲ್ಲಿ ಕೋಟೇಶ್ವರದ ಚಿಕ್ಕಮ್ಮನ ಮನೆಯಲ್ಲಿದ್ದು, ಬೆಳಿಗ್ಗೆ ಹಳೆಯ ಕಾರು ಓಡಿಸಿಕೊಂಡು ಬರುತ್ತಿದ್ದರು.

ಅವರಿಗೆ ಸಿಟ್ಟು ಬರಿಸುತ್ತಿದ್ದ ಶಬ್ದ ಒಂದೇ: ಒಂಚೂರು. "ಮೇಡಂ, ಒಂಚೂರು ಹೆಚ್ಚಾಗಬಹುದು" ಎಂದು ಮ್ಯಾನೇಜರ್ ಶುರುಮಾಡಿದರೆ ಸಾಕು, "ಒಂಚೂರ್ ಅಂದ್ರೆ ಎಷ್ಟ್ ಕೆಜಿ?" ಎಂದು ಕೇಳುತ್ತಿದ್ದರು. ದನಿ ಏರಿಸುತ್ತಿರಲಿಲ್ಲ. ಉತ್ತರ ಬರುವವರೆಗೆ ಅಲ್ಲೇ ನಿಂತಿರುತ್ತಿದ್ದರು. ಬೈಂದೂರಿನ ಹೋಟೆಲಿನಲ್ಲಿ ಚಹಾಕ್ಕೆ ಸಕ್ಕರೆ ಒಂಚೂರು ಹಾಕಲೇ ಎಂದು ಕೇಳಿದ ಮಾಣಿಗೂ ಇದೇ ಪ್ರಶ್ನೆ. ಅವನು ಪಾಪ, ಮರುದಿನದಿಂದ "ಒಂದೂವರೆ ಚಮ್ಚ ಅಲ್ದಾ ಅಕ್ಕ?" ಎಂದೇ ತರುತ್ತಿದ್ದ.

ತೂಕ ಹೇಳಿಕೊಳ್ಳುವುದು ಯಾರಿಗೂ ಇಷ್ಟವಿಲ್ಲದ ಕೆಲಸ. ಬಾಯಲ್ಲಿ ಕೇಳಿದರೆ ಗಂಡಸರು ಮದುವೆಯಾದಾಗಿನ ತೂಕ ಹೇಳುತ್ತಾರೆ, ಹೆಂಗಸರು ನಗುತ್ತಾರೆ. ನಾಲ್ಕು ಜನರೆದುರು ಮೆಷಿನ್ ಹತ್ತಲು ಹೇಳಿದರೆ ಮುಖ ಸಣ್ಣದಾಗುತ್ತದೆ. ಅದಕ್ಕೆ ಗಿರಿಜಕ್ಕ ತಮ್ಮದೇ ದಾರಿ ಮಾಡಿಕೊಂಡಿದ್ದರು. ಎಲ್ಲರಿಗಿಂತ ಮೊದಲು ತಾವೇ ಮೆಷಿನ್ ಹತ್ತಿ, "ಎಪ್ಪತ್ತೊಂಬತ್ತ್. ಎಲ್ರೂ ಕೇಣ್ಕಣಿ, ಪೈಲಟ್ಟೇ ಎಪ್ಪತ್ತೊಂಬತ್ತ್. ನಿಮ್ದ್ ಎಷ್ಟಿದ್ರೂ ನಾಚ್ಕಿ ಇಲ್ಲ" ಎಂದು ಗಟ್ಟಿಯಾಗಿ ಸಾರುತ್ತಿದ್ದರು. ಜನ ನಗುತ್ತಿದ್ದರು. ನಕ್ಕವರು ಒಬ್ಬೊಬ್ಬರಾಗಿ ಹತ್ತುತ್ತಿದ್ದರು. ಅಂಕಿ ನನಗೆ ಮಾತ್ರ ಕಾಣುವ ಹಾಗೆ ಮೆಷಿನ್ ತಿರುಗಿಸಿಡಬೇಕೆಂದು ನನಗೆ ಮೊದಲೇ ಹೇಳಿರುತ್ತಿದ್ದರು.

ಹೆಲಿಕಾಪ್ಟರಿನಲ್ಲಿ ಒಟ್ಟು ತೂಕ ಎಷ್ಟೆಂದು ನೋಡಿದರೆ ಸಾಲದು, ಆ ತೂಕ ಎಲ್ಲಿ ಕೂತಿದೆ ಎಂದೂ ನೋಡಬೇಕು. ಪೈಲಟ್ಟಿನ ಪಕ್ಕದಲ್ಲಿ ಒಂದು ಸೀಟು, ಹಿಂದಿನ ಸಾಲಿನಲ್ಲಿ ನಾಲ್ಕು, ಅದರಾಚೆ ಬಾಲದ ಬುಡದಲ್ಲಿ ಚೀಲಗಳ ಗೂಡು. ಹಿಂದೆ ಭಾರವಾದರೆ ಬಾಲ ಕುಸಿಯುತ್ತದೆ, ಮುಂದೆ ಭಾರವಾದರೆ ಮೂತಿ. ಆದ್ದರಿಂದ ಯಾರು ಎಲ್ಲಿ ಕೂರಬೇಕೆಂದು ಗಿರಿಜಕ್ಕ ಒಮ್ಮೆ ಹೇಳಿದರೆ ಮುಗಿಯಿತು, ಬದಲಾಯಿಸಲು ಬಿಡುತ್ತಿರಲಿಲ್ಲ. ಇದೊಂದು ವಿಷಯದಲ್ಲಿ ಅವರು ಕಲ್ಲು ಎಂದೇ ನನಗೆ ಅನ್ನಿಸಿತ್ತು.

ಕೇರಳದ ಮುದುಕ ದಂಪತಿಗಳು ಬಂದ ದಿನ ನೆನಪಿದೆ. ಗಂಡ ದೊಡ್ಡಾಳು, ಅವರಿಗೆ ಮುಂದಿನ ಸೀಟು. ಹೆಂಡತಿಗೆ ಹಿಂದೆ. ಆಕೆ ಗಂಡನ ಕೈ ಬಿಡಲೊಲ್ಲರು. ಇಷ್ಟು ವರ್ಷದಲ್ಲಿ ಬಸ್ಸಿನಲ್ಲೂ ಬೇರೆ ಕೂತವರಲ್ಲ, ಈಗ ಆಕಾಶದಲ್ಲಿ ಬೇರೆ ಕೂರಬೇಕೇ ಎಂದು ಮಲಯಾಳದಲ್ಲಿ ಅತ್ತರು. ನಾನು ಅದನ್ನು ಹೇಳಿ, "ಒಂದ್ಸಲ ಒಟ್ಟಿಗೆ ಕೂರ್ಸುಕಾತಿಲ್ಯಾ ಅಕ್ಕ?" ಎಂದೆ. "ಆತಿಲ್ಲ" ಎಂದರು, ನನ್ನ ಕಡೆ ತಿರುಗಲೂ ಇಲ್ಲ. ನನಗೆ ಬೇಸರವಾಯಿತು. ಎಲ್ಲರೂ ಹತ್ತಿದ ಮೇಲೆ ಗಿರಿಜಕ್ಕ ತಮ್ಮ ಬಾಗಿಲಿಂದ ಇಳಿದು ಆಚೆ ಬದಿಗೆ ಬಂದರು. ಹಿಂದೆ ಕೂತಿದ್ದ ಮುದುಕಿಯ ಬಲಗೈ ಹಿಡಿದು, ಮುಂದಿನ ಸೀಟಿನ ಸಂದಿಯಿಂದ ತೂರಿಸಿ, ಗಂಡನ ಹೆಗಲ ಮೇಲೆ ಇಟ್ಟರು. "ಮಂಗ್ಳೂರ್ ಬಪ್ಪುವರಿಗೆ ಹೀಂಗೇ ಹಿಡ್ಕಣಿ. ಬಿಡ್ಬೇಡಿ" ಎಂದರು. ನಾನು ಮಲಯಾಳದಲ್ಲಿ ಹೇಳುವ ಅಗತ್ಯವೇ ಬೀಳಲಿಲ್ಲ. ಮುದುಕರು ತಿರುಗದೆ, ಹೆಗಲ ಮೇಲಿನ ಆ ಕೈಯ ಮೇಲೆ ತಮ್ಮ ಕೈ ಇಟ್ಟುಕೊಂಡರು.

ರತ್ನಾಕರ ಮಾಮನ ಕುಟುಂಬ ಬಂದದ್ದು ಅದೇ ಹಂಗಾಮಿನ ಕೊನೆಯ ಭಾಗದಲ್ಲಿ. ಬ್ರಹ್ಮಾವರದ ಕಡೆಯವರು, ಮುಂಬೈಯಲ್ಲಿ ದೊಡ್ಡ ದೊಡ್ಡ ಹೋಟೆಲುಗಳಿರುವವರು. ಗಿರಿಜಕ್ಕನ ತಂದೆಗೆ ಬಹಳ ಬೇಕಾದವರಾಗಿದ್ದರಂತೆ. ಗಿರಿಜಕ್ಕ ಅವರನ್ನು ಮಾಮ ಎಂದೇ ಕರೆಯುತ್ತಿದ್ದರು. ಮಾಮ, ಅವರ ಹೆಂಡತಿ, ತಾಯಿ, ಮಗ, ಸೊಸೆ, ಒಟ್ಟು ಐದು ಜನ. ಸಂಜೆ ಮಂಗಳೂರಿನಿಂದ ಮುಂಬೈ ವಿಮಾನ ಹಿಡಿಯಬೇಕಿತ್ತು. ಇಂಥ ಗಿರಾಕಿಗಳು ಬರುತ್ತಾರೆಂದು ಮ್ಯಾನೇಜರ್ ಸತೀಶ್ ಬೆಳಿಗ್ಗೆಯೇ ಕುಂದಾಪುರದಿಂದ ದಪ್ಪನೆಯ ಕೆಂಪು ರತ್ನಗಂಬಳಿ ತರಿಸಿ, ಶೆಡ್ಡಿನೊಳಗೆ ಉದ್ದಕ್ಕೆ ಹಾಸಿದ್ದರು. ನನ್ನನ್ನು ಎಳನೀರು ತರಲು ಕಳಿಸಿ, ತೂಕದ ಮೆಷಿನ್ನನ್ನು ಸಿಮೆಂಟು ನೆಲದಿಂದ ಎತ್ತಿ ಕಂಬಳಿಯ ಮೇಲಿಟ್ಟು, ಬಂದವರನ್ನು ತಾವೇ ತೂಗಿದರು.

ನಾನು ಎಳನೀರಿನೊಂದಿಗೆ ಬರುವಾಗ ಎಲ್ಲರೂ ಖುಷಿಯಲ್ಲಿದ್ದರು. ಮಾಮನ ಹೆಂಡತಿಗೆ ತೂಕ ಇಳಿದಿತ್ತು. "ದೇವ್ರ ದರ್ಶನ ಆದ್ದೇ ಏಳ್ ಕೆಜಿ ಇಳ್ದೆ" ಎಂದು ನಗುತ್ತಿದ್ದರು. ಗಿರಿಜಕ್ಕ ಹೆಲಿಕಾಪ್ಟರಿನ ತಪಾಸಣೆ ಮುಗಿಸಿ ಬಂದು ಮ್ಯಾನೇಜರ್ ಕೊಟ್ಟ ಲೆಕ್ಕ ನೋಡಿದರು.

"ಮಾಮ ಎಂಬತ್ತೈದಾ?" ಎಂದರು.

"ಹೌದು ಮೇಡಂ, ನಾನೇ ನೋಡಿದ್ದು" ಎಂದರು ಸತೀಶ್.

ಗಿರಿಜಕ್ಕ ಇನ್ನೊಮ್ಮೆ ಮಾಮನ ಕಾಲು ನೋಡಿದರು. ತಮ್ಮ ಕಣ್ಣಿಗಿಂತ ಮೆಷಿನ್ನೇ ಸರಿ ಎಂದು ಆ ಲೆಕ್ಕವನ್ನೇ ಒಪ್ಪಿಕೊಂಡರು. ಎಲ್ಲರನ್ನೂ ಕೂರಿಸಿದೆವು. ರೆಕ್ಕೆ ತಿರುಗತೊಡಗಿತು, ಗಾಳಿಗೆ ಶೆಡ್ಡಿನ ತಗಡು ಅದುರಿತು. ಹೆಲಿಕಾಪ್ಟರ್ ನೆಲಬಿಟ್ಟು ಆಳೆತ್ತರವೂ ಏರದೆ ಅಲ್ಲೇ ನಿಂತಿತು. ಪ್ರತಿಸಲವೂ ಅವರು ಹೀಗೆ ನಿಲ್ಲಿಸಿ, ಎಂಜಿನ್ ಎಷ್ಟು ದಣಿಯುತ್ತಿದೆ ಎಂದು ಮೀಟರಿನ ಮುಳ್ಳು ನೋಡಿಯೇ ಮುಂದೆ ಹೋಗುತ್ತಿದ್ದದ್ದು. ಆವತ್ತು ಮುಂದೆ ಹೋಗಲಿಲ್ಲ. ಮೆಲ್ಲಗೆ, ಮಲಗಿದ ಮಗುವನ್ನು ತೊಟ್ಟಿಲಿಗೆ ಹಾಕುವ ಹಾಗೆ ಇಳಿಸಿದರು. ಎಂಜಿನ್ ನಿಂತಿತು.

ರೆಕ್ಕೆ ಪೂರ್ತಿ ನಿಂತ ಮೇಲೆ ಅವರು ಇಳಿದು, ನೇರವಾಗಿ ಶೆಡ್ಡಿಗೆ ಬಂದು ಮೆಷಿನ್ ಹತ್ತಿದರು. ಎಪ್ಪತ್ತೊಂದು ತೋರಿಸಿತು. ಇಳಿದು, ಮೆಷಿನ್ನನ್ನು ಕಂಬಳಿಯಿಂದ ಎತ್ತಿ ಸಿಮೆಂಟು ನೆಲದ ಮೇಲಿಟ್ಟು ಮತ್ತೆ ಹತ್ತಿದರು. ಎಪ್ಪತ್ತೊಂಬತ್ತು.

"ಸತೀಶ್, ನಂದ್ ಎಂಟ್ ಕೆಜಿ ನಿಮ್ಮ ಕಂಬಳಿ ತಿಂತ್ ಕಾಣಿ" ಎಂದರು. ಮೆಷಿನ್ನಿನ ಕಾಲುಗಳು ಮೆತ್ತನೆಯ ಕಂಬಳಿಯಲ್ಲಿ ಹೂತು, ಹೊಟ್ಟೆ ಕಂಬಳಿಗೆ ತಾಗಿ ಕೂತಿತ್ತು. ಅರ್ಧಂಬರ್ಧ ಭಾರ ಅಲ್ಲಿಗೇ ಇಳಿದುಹೋಗುತ್ತಿತ್ತು.

ಎಲ್ಲರನ್ನೂ ಇಳಿಸಿ ಮತ್ತೆ ತೂಗಿದೆವು. ಒಟ್ಟು ನಲವತ್ತು ಕೆಜಿಯ ಹತ್ತಿರ ಹೆಚ್ಚು ಬಂತು. ಚೀಲಗಳನ್ನೆಲ್ಲ ಬಿಟ್ಟರೂ ಸಾಲದು, ಒಬ್ಬರು ಉಳಿಯಲೇಬೇಕು. ಇನ್ನೊಂದು ಸಲ ಬಂದು ಕರೆದೊಯ್ಯೋಣವೆಂದರೆ ಅಷ್ಟು ಹೊತ್ತು ಬೆಳಕಿರುವುದಿಲ್ಲ. ಮಾಮನ ಹೆಂಡತಿಗೆ ಕಾರಿನಲ್ಲಿ ಗಂಟೆಗಟ್ಟಲೆ ಕೂರಲು ಮಂಡಿನೋವು. ಮಗ ಸೊಸೆಗೆ ಮರುದಿನ ಬೆಳಿಗ್ಗೆ ಮುಂಬೈಯಲ್ಲಿ ಇರಲೇಬೇಕಾದ ಕೆಲಸ. ಉಳಿದದ್ದು ಮಾಮನೇ.

ಮಾಮನ ಮುಖ ಕೆಂಪಾಯಿತು. "ಎಂತ ಗಿರಿಜಾ, ಒಂಚೂರ್ ಹೆಚ್ಚ್ ಕಮ್ಮಿ ಆರೆ ಎಂತ ಆತ್ತ್?" ಎಂದರು.

"ಒಂಚೂರ್ ಅಂದ್ರೆ ಎಷ್ಟ್ ಮಾಮ? ಲೆಕ್ಕಕ್ಕೆ ಸಿಗ್ದೆ ಇನ್ನೊಂದ್ ದೊಡ್ಡ ಹುಡ್ಗ ಒಳ್ಗ್ ಕೂಕಂಡಿದ್ದ ಅಂದ್ಕಣಿ. ಅಷ್ಟ್."

"ನಿನ್ನಪ್ಪಯ್ಯ ನನ್ನೆದ್ರ್ ಕೂತ್ ಮಾತಾಡ್ದವ್ರಲ್ಲ. ನೀ ಎಲ್ಲರೆದ್ರ್ ನನ್ನನ್ ಇಳ್ಸ್ತಿಯಾ?"

"ಅಪ್ಪಯ್ಯ ಇದ್ದಿದ್ರೆ ಅವ್ರನ್ನೂ ಇಳ್ಸ್ತಿದ್ದೆ ಮಾಮ" ಎಂದರು ಗಿರಿಜಕ್ಕ.

ಅಷ್ಟರಲ್ಲಿ ಮಾಮನ ತಾಯಿ, ಹಕ್ಕಿಯಷ್ಟೇ ಇದ್ದ ಅಜ್ಜಿ, ಕೋಲೂರಿಕೊಂಡು ಮುಂದೆ ಬಂದು, "ಗಲಾಟಿ ಬ್ಯಾಡ ಮಗಾ, ನಾನ್ ಇಳಿತೆ" ಎಂದರು. ಗಿರಿಜಕ್ಕ ಬಗ್ಗಿ ಅಜ್ಜಿಯ ಎರಡೂ ಕೈ ಹಿಡಿದುಕೊಂಡರು. "ನೀವ್ ಇಳ್ದ್ರೆ ಹೆಲಿಕಾಪ್ಟರಿಗೆ ಗೊತ್ತೇ ಅಪ್ಪುದಿಲ್ಲ ದೊಡ್ಡಮ್ಮ. ನಿಮ್ಮನ್ ಜೋಪಾನ ಮುಟ್ಸುಕಂತ್ಲೇ ನಾನ್ ಇಷ್ಟ್ ಹಟ ಮಾಡ್ತಾ ಇಪ್ಪುದ್" ಎಂದರು. ಅಜ್ಜಿ ಮಗನ ಕಡೆ ತಿರುಗಿ, "ರತ್ನಾಕರ, ಕಾರಂಗೆ ಬಾ" ಎಂದರು. ಮಾಮ ಎಳನೀರನ್ನೂ ಮುಟ್ಟದೆ ಕಾರು ಹತ್ತಿದರು. ಗಿರಿಜಕ್ಕ ಮಾಮನ ಮಗನನ್ನು ಮುಂದಿನ ಸೀಟಿಗೆ ಕರೆದು ಕೂರಿಸಿ, ಹೊಸದಾಗಿ ಲೆಕ್ಕ ಹಾಕಿ, ಮೊದಲಿನ ಹಾಗೇ ಮೇಲೆತ್ತಿ ನಿಲ್ಲಿಸಿ ನೋಡಿ, ಹೋದರು.

ಮಾಮನಿಗೆ ಅಂದಿನ ಮುಂಬೈ ವಿಮಾನ ತಪ್ಪಿತು. ಅವರು ಕಂಪೆನಿಯ ದೊಡ್ಡವರಿಗೆ ಫೋನ್ ಮಾಡಿದರು, ದೊಡ್ಡವರು ಗಿರಿಜಕ್ಕನಿಗೆ ಫೋನ್ ಮಾಡಿದರು. ಅವರೇನು ಕೇಳಿದರೋ ಗೊತ್ತಿಲ್ಲ. ಇವರು ಹೇಳಿದ್ದು ಮಾತ್ರ ಕೇಳಿಸಿತು: "ನಾನೇ ಪೈಲಟ್ ಇದ್ದಷ್ಟು ದಿನ ಹೀಗೇ, ಸರ್." ಮಾಮ ಮತ್ತೆ ಗಿರಿಜಕ್ಕನೊಂದಿಗೆ ಮಾತಾಡಲಿಲ್ಲ. ಆಮೇಲೆ ಊರಿನ ಗೃಹಪ್ರವೇಶವೊಂದರಲ್ಲಿ ಎದುರಾದಾಗ ಮುಖ ತಿರುಗಿಸಿಕೊಂಡು ಹೋದರಂತೆ. ಅದನ್ನು ನನಗೆ ಹೇಳುವಾಗ ಗಿರಿಜಕ್ಕನ ಕಣ್ಣು ತುಂಬಿತ್ತು. ಅಪ್ಪನಿಗೆ ಬೇಕಾದ ಹಿರಿಯರಲ್ಲಿ ಉಳಿದಿದ್ದವರು ಅವರೊಬ್ಬರೇ ಆಗಿದ್ದರು.

ಆ ಮಾತು ಬಂದ ದಿನವೇ ಅವರು ತಮ್ಮ ಹಳೆಯ ಗೆಳೆಯರೊಬ್ಬರ ವಿಷಯ ಹೇಳಿದ್ದು. ಮಧ್ಯಾಹ್ನ ಹಾರಾಟವಿರಲಿಲ್ಲ. ಶೆಡ್ಡಿನ ನೆರಳಲ್ಲಿ ಕೂತು ಬುತ್ತಿ ಉಣ್ಣುತ್ತಿದ್ದೆವು. ನಾನು, "ನೀವು ಸೀಟ್ ಮಾತ್ರ ಯಾರಿಗೂ ಬದ್ಲ್ ಮಾಡುಕ್ ಬಿಡುದಿಲ್ಲ ಅಲ್ದಾ ಅಕ್ಕ" ಎಂದೆ, ಕೇರಳದ ಆ ಮುದುಕಿಯ ನೆನಪಾಗಿ.

"ಒಂದ್ಸಲ ಬಿಟ್ಟಿದ್ದೆ" ಎಂದರು.

ಅವರು ಆಗ ಹಿಮಾಲಯದ ಕಡೆಯ ಯಾತ್ರಾಸ್ಥಳವೊಂದರಲ್ಲಿ ಬೇರೆ ಕಂಪೆನಿಗೆ ಹಾರುತ್ತಿದ್ದರು. ಜೊತೆಗೆ ಸಾವಂತ್ ಎಂಬ ಮರಾಠಿ ಪೈಲಟ್, ಒಟ್ಟಿಗೆ ತರಬೇತಿ ಪಡೆದ ಗೆಳೆಯ. ಒಂದು ದಿನ ಹಾರುವ ಸರದಿ ಸಾವಂತರದ್ದು, ಜನರನ್ನು ಕೂರಿಸುವ ಸರದಿ ಗಿರಿಜಕ್ಕನದ್ದು. ಹೊಸದಾಗಿ ಮದುವೆಯಾದ ಜೋಡಿಯೊಂದಿತ್ತು. ಗಂಡ ಭಾರದ ಆಳು, ಮುಂದೆ ಕೂತಿದ್ದ. ಹಿಂದಿದ್ದ ಹುಡುಗಿ ಹೆದರಿ ನಡುಗುತ್ತಿದ್ದಳು.

"ಆ ಹೆಣ್ಣ್ ನನ್ನ ಕೈ ಹಿಡ್ಕಂಡ್ ಬೇಡ್ಕಂಡ್ಳ್. ಪಾಪ ಅನ್ಸ್ತ್. ಗಂಡನ್ನ ಹಿಂದೆ ಕೂರ್ಸಿ, ಹಿಂದಿದ್ದ ಸಣಕಲ ಅಜ್ಜನ್ನ ಮುಂದೆ ಕೂರ್ಸ್ದೆ. ಹಿಂದಿನ ಗೂಡಂಗೆ ಚೀಲ ಎಲ್ಲ ತುಂಬಿಯಾಯ್ದಿತ್. ಸಾವಂತ್ ಹೆಬ್ಬೆಟ್ಟ್ ತೋರ್ಸಿ ಸರಿಯಾ ಕೇಣ್ದ. ನಾನೂ ತೋರ್ಸ್ದೆ. ತೂಕ ಸರೀನೇ ಇದ್ದಿತ್ ಜ್ಯೋತಿ. ಕೂತ್ ಜಾಗ ಸರಿ ಇರ್ಲಿಲ್ಲ."

ನೆಲ ಬಿಟ್ಟದ್ದೇ ಬಾಲ ಕುಸಿಯಿತು. ಸಾವಂತ್ ಹೆಲಿಕಾಪ್ಟರ್ ನಡೆಸುವ ಕೋಲನ್ನು ಪೂರ್ತಿ ಮುಂದೆ ದೂಡಿದರೂ ಮೂತಿ ಇಳಿಯಲಿಲ್ಲ. ಬಾಲ ಕಲ್ಲಿಗೆ ಬಡಿದು ಹೆಲಿಕಾಪ್ಟರ್ ಮಗುಚಿಬಿತ್ತು. ಜನರೆಲ್ಲ ಗಾಯಗಳೊಂದಿಗೆ ಹೊರಬಂದರು. ಸಾವಂತರ ಬೆನ್ನುಮೂಳೆ ಮುರಿಯಿತು. ಅವರು ಮತ್ತೆ ನಡೆಯಲಿಲ್ಲ.

"ಅವ ಕೊಲ್ಲಾಪುರದಗೆ ಇದ್ದ. ವರ್ಷಕ್ಕೊಂದ್ಸಲ ಹೋಯಿ ಕಂಡ್ಕಂಡ್ ಬತ್ತೆ. ನಮ್ಮ ಹಲಸಿನ ಹಪ್ಪಳ ಅಂದ್ರೆ ಅವಂಗೆ ಏಕ್‌ದಮ್ ಪ್ರೀತಿ." ತಟ್ಟೆ ಬದಿಗಿಟ್ಟು, "ಆ ಕೇರಳದ ಅಮ್ಮ ಅಳುವಾಗ ನಾನ್ ನಿನ್ನ ಮುಖ ಕಾಣ್ಲಿಲ್ಲ. ಕಂಡಿದ್ರೆ ಮತ್ತೆ ಸೀಟ್ ಬದ್ಲ್ ಮಾಡ್ತಿದ್ನೇನೋ" ಎಂದರು. ಬುತ್ತಿಯಲ್ಲಿದ್ದ ಉಪ್ಪಿನಕಾಯಿಯನ್ನು ನನ್ನ ತಟ್ಟೆಗೆ ಹಾಕಿ ಕೈ ತೊಳೆಯಲು ಎದ್ದರು. ಅವರನ್ನು ಕಲ್ಲು ಎಂದುಕೊಂಡಿದ್ದ ನಾನು ಅವರ ತಟ್ಟೆಯನ್ನೂ ಎತ್ತಿಕೊಂಡು ಹಿಂದೆಯೇ ಹೋದೆ.

ಹಂಗಾಮು ಮುಗಿಯುತ್ತ ಬಂತು. ಮಳೆ ಶುರುವಾಗುವ ಮೊದಲು ಹೆಲಿಕಾಪ್ಟರನ್ನು ಮಂಗಳೂರಿಗೆ, ಅಲ್ಲಿಂದ ಮುಂದಕ್ಕೆ ಒಯ್ಯಬೇಕು. ಅಷ್ಟು ದಿನ ಅದರ ಬುಡದಲ್ಲೇ ಇದ್ದರೂ ಕಂಪೆನಿಯ ನಿಯಮದಿಂದಾಗಿ ನಾನು ಒಮ್ಮೆಯೂ ಹತ್ತಿರಲಿಲ್ಲ. ನಾವುಂದದ ನೆರೆಮನೆಯವರು ಮೇಲಿನಿಂದ ಊರು ಹೇಗೆ ಕಾಣುತ್ತದೆಂದು ಕೇಳಿದರೆ, ಯಾತ್ರಿಕರು ಹೇಳಿದ್ದನ್ನೇ ಹೇಳುತ್ತಿದ್ದೆ. ಒಂದು ದಿನ ಕೆಲಸದ ನಡುವೆ ಫೋನ್ ಮಾಡಿದ ನನ್ನ ಅಮ್ಮನೂ ಅದನ್ನೇ ಕೇಳಿದಳು. "ನಂಗೆಲ್ಲಿ ಗೊತ್ತ್ ಅಮ್ಮ, ನಾನ್ ಕೆಳ್ಗೆ ನಿಂತ್ ಕೈ ಬೀಸುವಳ್" ಎಂದೆ. ಗಿರಿಜಕ್ಕ ಪಕ್ಕದಲ್ಲೇ ಕೂತು ಬೂಟಿನ ದಾರ ಕಟ್ಟುತ್ತಿದ್ದರು.

ಹೊರಡುವ ದಿನ ಮೆಕ್ಯಾನಿಕ್ ಸಾಮಾನುಗಳೊಂದಿಗೆ ಬೆಳಿಗ್ಗೆಯೇ ವ್ಯಾನಿನಲ್ಲಿ ಮುಂದೆ ಹೋಗಿದ್ದ. ಗಿರಿಜಕ್ಕ ಒಬ್ಬರೇ ಖಾಲಿ ಹೆಲಿಕಾಪ್ಟರ್ ಒಯ್ಯಬೇಕಿತ್ತು. ಹತ್ತುವ ಮೊದಲು ಮ್ಯಾನೇಜರನ್ನು ಕರೆದರು.

"ಸತೀಶ್, ಹಿಂದೆ ಮುಂದೆ ಯಾರೂ ಇಲ್ಲ. ಮುಂದಿನ ಎಡ ಸೀಟಿಗೆ ಭಾರ ಬೇಕು. ಮರಳಿನ ಚೀಲ ಉಂಟಾ?"

"ಈಗ ಎಲ್ಲಿಂದ ತರೋಣ ಮೇಡಂ?"

"ಐವತ್ತೈದು ಅರವತ್ತು ಕೆಜಿ ಆದ್ರೂ ಬೇಕು. ಇಲ್ದಿದ್ರೆ ನಾನು ಹೊರಡುದಿಲ್ಲ." ಅತ್ತ ಇತ್ತ ನೋಡಿದರು. ಆಮೇಲೆ ಈಗಷ್ಟೇ ಹೊಳೆಯಿತೆಂಬಂತೆ, "ಜ್ಯೋತಿ ಇದ್ದಾಳಲ್ಲ" ಎಂದರು.

ತೂಕದ ವಿಷಯದಲ್ಲಿ ಅವರೊಂದಿಗೆ ವಾದಿಸುವ ಧೈರ್ಯ ಸತೀಶರಿಗೆ ಅದಾಗಲೇ ಹೋಗಿತ್ತು. ನನ್ನನ್ನೂ ತೂಗಿ, ಬೆಲ್ಟ್ ಬಿಗಿದು ಕೂರಿಸಿದರು. "ಮರಳ ಚೀಲ ಮಾತಾಡುಕಿಲ್ಲ, ಕಾಂಬುದ್ ಮಾತ್ರ" ಎಂದು ಗಿರಿಜಕ್ಕ ನನ್ನ ಕಿವಿಗೆ ಹೆಡ್‌ಫೋನ್ ಹಾಕಿದರು.

ಕಂಡದ್ದನ್ನು ಹೇಗೆ ಹೇಳಲಿ. ಗುಡ್ಡೆ ಹಿಂದೆ ಸರಿದು ಸಮುದ್ರ ಒಮ್ಮೆಗೇ ಎದುರಾಯಿತು. ನಾನು ದಿನವೂ ಬಸ್ಸಿನಲ್ಲಿ ಹೋಗಿಬರುವ ರಸ್ತೆ ನೂಲಿನಂತೆ ಬಿದ್ದಿತ್ತು. ನಾವುಂದ ಬಂದಾಗ ಅವರು ಒಂದು ಬದಿಗೆ ವಾಲಿಸಿ, ದೊಡ್ಡ ಸುತ್ತು ಬಳಸಿದರು. "ನಿಮ್ಮನಿ ಯಾವ್ದ್ ಕಾಣ್" ಎಂದರು. ತೆಂಗಿನ ಮರಗಳ ನಡುವೆ ನಮ್ಮ ಹೆಂಚು ಕಂಡಿತು, ಬಾವಿಕಟ್ಟೆ ಕಂಡಿತು. ಅಂಗಳದಲ್ಲಿ ಅಮ್ಮ, ಹಣೆಗೆ ಕೈ ಅಡ್ಡ ಹಿಡಿದು ಮೇಲೆ ನೋಡುತ್ತಿದ್ದಳು. ನಾನು ಒಳಗಿದ್ದೇನೆಂದು ಅವಳಿಗೆ ಗೊತ್ತಿರಲಿಲ್ಲ. ಆದರೂ ನಾನು ಕೈ ಬೀಸಿದೆ. ಮರವಂತೆಯಲ್ಲಿ ಹೊಳೆ ಒಂದು ಬದಿ, ಸಮುದ್ರ ಒಂದು ಬದಿ. ಆಮೇಲೆ ಕುಂದಾಪುರದ ಹೊಳೆಗಳೆಲ್ಲ ಒಂದಾಗುವ ಜಾಗ, ಕೋಟೇಶ್ವರದ ಕೆರೆ, ಬಾರ್ಕೂರಿನ ಗದ್ದೆಗಳು. "ಅಪ್ಪಯ್ಯ ಹುಟ್ಟದ್ದ್ ಅಲ್ಲಿ" ಎಂದು ಒಂದು ಕಡೆ ಗಲ್ಲ ಎತ್ತಿ ತೋರಿಸಿದರು. ಮಂಗಳೂರಿನಲ್ಲಿ ಇಳಿದೆವು.

ನಾನು ಅಲ್ಲಿಂದ ಬಸ್ಸಿನಲ್ಲಿ ಹಿಂದಿರುಗಬೇಕಿತ್ತು. ಗೇಟಿನವರೆಗೆ ಬಂದು, "ಮಳಿ ಬಿಟ್ಟ ಕೂಡ್ಲೇ ಬತ್ತೆ. ಉಂಡ್ ಒಂದೆರ್ಡ್ ಕೆಜಿ ಜಾಸ್ತಿ ಮಾಡ್ಕೋ" ಎಂದರು. ಅದೇ ಕೊನೆ.

ಆ ಮಳೆಗಾಲದಲ್ಲಿ ಗೊತ್ತಿಲ್ಲದ ನಂಬರಿನಿಂದ ಫೋನ್ ಬಂತು. ಹಿಂದಿಯಲ್ಲಿ ಮಾತಾಡಿದ ಮೃದುವಾದ ಗಂಡುದನಿ, ಜ್ಯೋತಿಯೇ ಅಲ್ಲವೇ ಎಂದು ಕೇಳಿ, ತನ್ನ ಹೆಸರು ಸಾವಂತ್ ಎಂದಿತು. ಗಿರಿಜಕ್ಕ ಮುಂಬೈಯಲ್ಲಿ ಬೆಳಗಿನ ಚಹಾ ಕುಡಿಯುತ್ತ ಕೂತಲ್ಲೇ ಹೃದಯ ನಿಂತು ಹೋಗಿಬಿಟ್ಟರೆಂದು ಹೇಳಿದರು. ನನ್ನ ಹೆಸರು ಅವರಿಗೆ ಹೇಗೆ ಗೊತ್ತೆಂದು ಕೇಳಿದೆ. "ಹಪ್ಪಳ ಈ ಸಲ ನಿಮ್ಮ ತಾಯಿ ಮಾಡಿದ್ದೆಂದು ತಂದಿದ್ದಳಲ್ಲ" ಎಂದರು. ಹೊರಡುವ ದಿನ ನಾನು ಗಿರಿಜಕ್ಕನ ಚೀಲಕ್ಕೆ ಹಾಕಿದ್ದ ಕಟ್ಟು ಅದು. ಆಮೇಲೆ ಸಾವಂತ್, "ನಾನು ಅವಳ ಮೇಲೆ ಯಾವತ್ತೂ ಸಿಟ್ಟಾಗಿರಲಿಲ್ಲ. ಪ್ರತಿ ವರ್ಷ ಹೇಳುತ್ತಿದ್ದೆ. ಪ್ರತಿ ವರ್ಷ ಬಂದು ಮತ್ತೆ ಕ್ಷಮೆ ಕೇಳುತ್ತಿದ್ದಳು" ಎಂದರು.

ಮುಂದಿನ ಹಂಗಾಮಿಗೆ ಹೊಸ ಪೈಲಟ್ ಬಂದರು. ಹರಿಯಾಣದ ಕಡೆಯ ತೆಳ್ಳಗಿನ ಯುವಕ. ಗಿರಿಜಕ್ಕನ ಕೈಕೆಳಗೇ ಪಳಗಿದವರು. ಅದೇ ಹೆಲಿಕಾಪ್ಟರ್. ಮೊದಲ ವಾರದಲ್ಲೇ ಒಂದು ದಿನ ಅವರು ಒಬ್ಬರೇ ಖಾಲಿ ಮಂಗಳೂರಿಗೆ ಹೊರಟರು. ನಾನು ಓಡಿಹೋಗಿ, "ಸರ್, ಮುಂದಿನ ಸೀಟಿಗೆ ಮರಳಿನ ಚೀಲ ಬೇಡವೇ?" ಎಂದು ಕೇಳಿದೆ.

ಅವರು ನಕ್ಕರು. "ಈ ಹೆಲಿಕಾಪ್ಟರಿಗೆ ಅದೆಲ್ಲ ಬೇಕಾಗುವುದಿಲ್ಲ. ನನ್ನಷ್ಟು ಸಣಕಲ ಒಬ್ಬನೇ ಕೂತರೂ ಬೇಡ. ಯಾರು ಹೇಳಿದರು ನಿಮಗೆ?"

"ಗಿರಿಜಾ ಮೇಡಂ."

ಅವರ ನಗು ನಿಂತಿತು. ತೂಕದ ವಿಷಯದಲ್ಲಿ ಮೇಡಂ ತಪ್ಪು ಹೇಳುವವರೇ ಅಲ್ಲವಲ್ಲ ಎಂದು ಹುಬ್ಬು ಗಂಟಿಕ್ಕಿ, ತಾವೇ ಎಲ್ಲೋ ತಪ್ಪಿರಬಹುದೆಂಬ ಅನುಮಾನದಲ್ಲಿ ಮತ್ತೊಮ್ಮೆ ಲೆಕ್ಕ ಹಾಕಲು ಪೆನ್ನು ತೆಗೆದರು.

"ಬೇಡ ಸರ್" ಎಂದೆ. "ನಾನೇ ತಪ್ಪು ಕೇಳಿಸಿಕೊಂಡಿರಬೇಕು."